ನೀರು ನುಗ್ಗಿದ ದಾರಿ

ಏರು ಹತ್ತುವಾಗ ಎಂಜಿನ್ ಮುಗ್ಗರಿಸುತ್ತದೆ. ಆಕ್ಸಿಲರೇಟರ್ ಒತ್ತಿದಷ್ಟೂ ಬಲ ಕುಗ್ಗಿ, ಕೊನೆಗೆ ಗಾಡಿ ನಿಂತೇಬಿಡುತ್ತದೆ. ಚಾಲಕ ಕೆಳಗಿಳಿದು, ಎಂಜಿನ್ನಿನ ಮುಚ್ಚಳ ತೆರೆದು, ಏನೂ ತೋಚದೆ ಹತ್ತು ನಿಮಿಷ ನಿಂತು, ಮತ್ತೆ ಕೀಲಿ ತಿರುಗಿಸಿದರೆ ಏನೂ ಆಗಿಯೇ ಇಲ್ಲವೆಂಬಂತೆ ಹೊರಡುತ್ತದೆ. ಮುಂದಿನ ಏರಿನಲ್ಲಿ ಮತ್ತದೇ ಕಥೆ. ಐವತ್ತು ವರ್ಷ ಹಳೆಯ ಮೋಟರ್‌ಹೋಮ್ ಇಟ್ಟುಕೊಂಡ ಅಮೆರಿಕದ ಯಾರನ್ನು ಕೇಳಿದರೂ ಈ ಕಥೆಯನ್ನು ಒಂದಲ್ಲ ಒಂದು ಬಗೆಯಲ್ಲಿ ಹೇಳಿಯಾರು.

ಕಾರ್ಬೊರೇಟರ್ ಬಿಚ್ಚಿ ತೊಳೆಸಿದ್ದಾಯಿತು, ಪ್ಲಗ್ಗು ಬದಲಾಯಿಸಿದ್ದಾಯಿತು, ಪಂಪು ಹೊಸದಾಯಿತು. ಕಳ್ಳ ಮಾತ್ರ ಎಂಜಿನ್ನಿನಿಂದ ದೂರ, ಗಾಡಿಯ ನೆಲದಡಿ ಕೂತಿದ್ದಾನೆ. ಪೆಟ್ರೋಲ್ ಟ್ಯಾಂಕಿನೊಳಗೆ ಇಳಿಬಿಟ್ಟ ಹೀರುನಳಿಕೆಯ ತುದಿಗೆ ಕಾಲುಚೀಲದಂಥ ಒಂದು ಸಣ್ಣ ಜಾಳಿಗೆ ತೊಡಿಸಿರುತ್ತಾರೆ. ಟ್ಯಾಂಕು ತುಕ್ಕು ಹಿಡಿದು ಪುಡಿ ಉದುರಿದಾಗ, ಆ ಪುಡಿ ಪೆಟ್ರೋಲಿನ ಸೆಳೆತಕ್ಕೆ ತೇಲಿ ಬಂದು ಜಾಳಿಗೆಗೆ ಮೆತ್ತಿಕೊಳ್ಳುತ್ತದೆ. ಸಮತಟ್ಟಾದ ರಸ್ತೆಯಲ್ಲಿ ಎಂಜಿನ್ ಕೇಳುವುದು ಕಡಿಮೆ. ಅರೆಬರೆ ಕಟ್ಟಿದ ಜಾಳಿಗೆಯಲ್ಲೂ ಸಂಸಾರ ನಡೆಯುತ್ತದೆ. ಏರಿನಲ್ಲಿ ಬಾಯಾರಿಕೆ ಹೆಚ್ಚು, ಸೆಳೆತವೂ ಹೆಚ್ಚು, ಪುಡಿ ಪೂರ್ತಿ ಅಂಟಿಕೊಂಡು ದಾರಿ ಮುಚ್ಚುತ್ತದೆ. ಎಂಜಿನ್ ನಿಂತರೆ ಸೆಳೆತ ನಿಲ್ಲುತ್ತದೆ, ಪುಡಿ ಕಳಚಿ ತಳಕ್ಕೆ ಬೀಳುತ್ತದೆ. ಹತ್ತು ನಿಮಿಷದ ಪವಾಡದ ಗುಟ್ಟು ಇಷ್ಟೆ.

ಇದನ್ನು ಬಹಳ ಜನ ಬೇರೊಂದು ಕಾಯಿಲೆ ಎಂದುಕೊಳ್ಳುತ್ತಾರೆ. ಬಿಸಿಲಿಗೆ, ಎಂಜಿನ್ನಿನ ಕಾವಿಗೆ ಪೆಟ್ರೋಲ್ ನಳಿಕೆಯಲ್ಲೇ ಕುದಿದು ಆವಿಯಾಗಿ ಪಂಪಿಗೆ ಸಿಗದೆ ಹೋಗುವುದೂ ಉಂಟು. ಅದೂ ಗಾಡಿ ತಣಿದ ಮೇಲೆ ತಾನೇ ಸರಿಹೋಗುತ್ತದೆ. ಎರಡನ್ನೂ ಬೇರ್ಪಡಿಸಲು ಒಂದು ಸುಲಭ ಪರೀಕ್ಷೆ ಇದೆ. ಆವಿಯ ಕಾಯಿಲೆ ಚಳಿಯ ಮುಂಜಾನೆ ಬರುವುದಿಲ್ಲ, ತುಕ್ಕಿನ ಕಾಯಿಲೆಗೆ ಹೊತ್ತುಗೊತ್ತಿಲ್ಲ. ಫಿಲ್ಟರ್ ಬಿಚ್ಚಿ ಬಿಳಿಯ ಬಟ್ಟೆಯ ಮೇಲೆ ಕೊಡವಿದಾಗ ಇಟ್ಟಿಗೆ ಪುಡಿಯಂಥದ್ದು ಉದುರಿತೋ, ಇನ್ನು ಬೇರೆ ಸಾಕ್ಷಿ ಬೇಡ.

ಮೋಟರ್‌ಹೋಮ್ ಎಂದರೆ ಅಡುಗೆಕಟ್ಟೆ, ಹಾಸಿಗೆ, ಶೌಚಾಲಯ ಎಲ್ಲವನ್ನೂ ಹೊತ್ತು ತಿರುಗುವ ಮನೆ. ಇವುಗಳ ಪೈಕಿ ಹಳೆಯ ಗಾಡಿಗಳ ಪ್ರೇಮಿಗಳು ಇಂದಿಗೂ ಹುಡುಕಿ ಕೊಳ್ಳುವುದು ಜನರಲ್ ಮೋಟರ್ಸ್‌ನ ಜಿಎಂಸಿ ಮೋಟರ್‌ಹೋಮನ್ನು. 1972ರ ಮೇ ತಿಂಗಳಲ್ಲಿ ವಾಷಿಂಗ್ಟನ್ ಬಳಿಯ ಡಲ್ಲಸ್ ವಿಮಾನ ನಿಲ್ದಾಣದಲ್ಲಿ ನಡೆದ ಸಾರಿಗೆ ಪ್ರದರ್ಶನದಲ್ಲಿ ಇದು ಮೊದಲು ಜನರ ಕಣ್ಣಿಗೆ ಬಿತ್ತು. 1973ರಿಂದ 1978ರವರೆಗಿನ ಮಾಡೆಲ್‌ಗಳಾಗಿ ಮಿಷಿಗನ್ ರಾಜ್ಯದ ಪಾಂಟಿಯಾಕ್‌ನಲ್ಲಿ ಸುಮಾರು 13,000 ಗಾಡಿಗಳು ತಯಾರಾದವು. 23 ಅಡಿ ಮತ್ತು 26 ಅಡಿ ಎಂಬ ಎರಡೇ ಅಳತೆ. ಬಹುಪಾಲು ಗಾಡಿಗಳಲ್ಲಿ ಓಲ್ಡ್ಸ್‌ಮೊಬೈಲ್ ಟೊರೊನಾಡೊ ಕಾರಿನಿಂದ ತಂದ ಏಳೂವರೆ ಲೀಟರಿನ ಎಂಟು ಸಿಲಿಂಡರ್ ಎಂಜಿನ್ ಮುಂದಿನ ಚಕ್ರಗಳನ್ನು ತಿರುಗಿಸುತ್ತಿತ್ತು. ಹಿಂದಕ್ಕೆ ಶಾಫ್ಟ್ ಹೋಗಬೇಕಿಲ್ಲವಾದ್ದರಿಂದ ನೆಲವನ್ನು ರಸ್ತೆಗೆ ತೀರಾ ಹತ್ತಿರ ತರಲು ಸಾಧ್ಯವಾಯಿತು. ಹಿಂದೆ ಒಂದರ ಹಿಂದೊಂದು ಸಾಲಾಗಿ ಚಕ್ರಗಳು, ಅವಕ್ಕೆ ಗಾಳಿಚೀಲದ ಸಸ್ಪೆನ್ಷನ್. 1981ರ ‘ಸ್ಟ್ರೈಪ್ಸ್’ ಚಿತ್ರದಲ್ಲಿ ಸೇನೆಯ ಗುಪ್ತ ವಾಹನವಾಗಿ ವೇಷ ಹಾಕಿದ್ದೂ ಇದೇ ಗಾಡಿ.

ನೋಡಲು ಚೆಲುವೆ, ಕುಡಿಯುವುದರಲ್ಲಿ ಕೈ ಹಿಡಿಯುವಂತಿಲ್ಲ: ಲೀಟರಿಗೆ ಮೂರ್ನಾಲ್ಕು ಕಿಲೋಮೀಟರ್. ಆದ್ದರಿಂದಲೇ ನೆಲದಡಿ ಒಂದಲ್ಲ, ಎರಡು ಉಕ್ಕಿನ ಟ್ಯಾಂಕುಗಳು. ಬಹುಪಾಲು ಗಾಡಿಗಳಲ್ಲಿ ಎರಡೂ ಸೇರಿ ಸುಮಾರು 190 ಲೀಟರ್. ಯಾವ ಟ್ಯಾಂಕಿನಿಂದ ಹೀರಬೇಕು ಎಂಬುದಕ್ಕೆ ಚಾಲಕನ ಮುಂದೆ ಒಂದು ಸ್ವಿಚ್ಚು. ಈ ಸ್ವಿಚ್ಚೇ ಬಡವರ ವೈದ್ಯ. ಏರಿನಲ್ಲಿ ಮುಗ್ಗರಿಸಿದಾಗ ಎರಡನೇ ಟ್ಯಾಂಕಿಗೆ ತಿರುಗಿಸಿ. ಗಾಡಿ ಚೇತರಿಸಿಕೊಂಡರೆ ಮೊದಲನೆಯದರ ಹೊಟ್ಟೆ ಕೆಟ್ಟಿದೆ ಎಂದರ್ಥ. ಎರಡೂ ಒಂದೇ ವಯಸ್ಸಿನವಾದ್ದರಿಂದ ಇನ್ನೊಂದರ ಸರದಿಯೂ ದೂರವಿಲ್ಲ.

ಹಾಗಾದರೆ ತುಕ್ಕು ಹಿಡಿಯುವುದು ಏಕೆ? ಪೆಟ್ರೋಲಿನಲ್ಲಿ ಮುಳುಗಿರುವ ಉಕ್ಕು ತಾನಾಗಿ ತುಕ್ಕು ಹಿಡಿಯುವುದಿಲ್ಲ. ತುಕ್ಕಿಗೆ ಕಬ್ಬಿಣದ ಜತೆ ನೀರೂ ಬೇಕು, ಗಾಳಿಯೂ ಬೇಕು. ಟ್ಯಾಂಕಿನಲ್ಲಿ ಪೆಟ್ರೋಲ್ ಇಲ್ಲದ ಜಾಗದಲ್ಲಿ ಗಾಳಿ ಹೇಗೂ ಇದೆ. ಆದ್ದರಿಂದ ತುಕ್ಕಿನ ಕಥೆಯೆಂದರೆ ಕೊನೆಗೂ ನೀರಿನ ಕಥೆ. ತುಕ್ಕು ತೆಗೆಯುವ ನೂರು ಉಪಾಯಗಳ ಬಗ್ಗೆ ಜನ ವಾದ ಮಾಡುತ್ತಾರೆ; ನೀರು ಯಾವ ದಾರಿಯಲ್ಲಿ ಬಂತೆಂದು ಹುಡುಕುವವರು ಕಡಿಮೆ. ಆ ದಾರಿ ಮುಚ್ಚದೆ ಟ್ಯಾಂಕನ್ನು ಬೆಳ್ಳಿಯಂತೆ ಬೆಳಗಿದರೂ ನಾಲ್ಕು ಚಳಿಗಾಲ ಕಳೆಯುವಷ್ಟರಲ್ಲಿ ಮತ್ತೆ ಅದೇ ಇಟ್ಟಿಗೆ ಪುಡಿ.

ನೀರು ಬರುವ ಮೊದಲ ದಾರಿ ಉಸಿರಾಟ. ಅರೆ ತುಂಬಿದ ಟ್ಯಾಂಕು ಹಗಲು ಕಾದು ಗಾಳಿಯನ್ನು ಹೊರಗೆ ದೂಡುತ್ತದೆ, ರಾತ್ರಿ ತಣಿದು ಒಳಗೆ ಎಳೆದುಕೊಳ್ಳುತ್ತದೆ. ಒಳಬಂದ ಗಾಳಿಯ ತೇವ ತಣ್ಣನೆಯ ಉಕ್ಕಿನ ಮೇಲೆ ಬೆವರಿನಂತೆ ಕೂರುತ್ತದೆ, ಹನಿಗೂಡಿ ಗೋಡೆಗುಂಟ ಇಳಿಯುತ್ತದೆ. ನೀರು ಪೆಟ್ರೋಲಿಗಿಂತ ಭಾರ. ಆದ್ದರಿಂದ ತೇಲುವುದಿಲ್ಲ, ತಳದ ಮೂಲೆ ಹಿಡಿದು ಮಲಗುತ್ತದೆ. ಒಂದು ರಾತ್ರಿಯ ಬೆವರು ಲೆಕ್ಕಕ್ಕೇ ಬಾರದು. ಆದರೆ ಇಂಥ ಗಾಡಿಗಳು ವರ್ಷದಲ್ಲಿ ಹನ್ನೊಂದು ತಿಂಗಳು ನಿಂತೇ ಇರುತ್ತವೆ, ಕೆಲವು ಹತ್ತಿಪ್ಪತ್ತು ವರ್ಷ ಕೊಟ್ಟಿಗೆಯ ಹಿಂದೆ ಹುಲ್ಲಿನಲ್ಲಿ ನಿಂತಿರುತ್ತವೆ. ಹಳೆಯ ಟ್ಯಾಂಕು ಬಿಚ್ಚಿ ನೋಡಿದರೆ ಚಾವಣಿಯಲ್ಲಿ ತುಕ್ಕಿನ ಹಕ್ಕಳೆ, ತಳದಲ್ಲಿ ನೀರು ನಿಂತ ಗುರುತಿನ ಗುಳಿಗಳು. ನಡುವೆ ಪೆಟ್ರೋಲ್ ನಿಂತಿದ್ದ ಪಟ್ಟಿ ಮಾತ್ರ ಅಷ್ಟಿಷ್ಟು ನೆಟ್ಟಗಿರುವುದು ಇದಕ್ಕೇ.

ಹೊಸದರಲ್ಲಿ ಇದಕ್ಕೊಂದು ರಕ್ಷೆ ಇರುತ್ತಿತ್ತು. ನಮ್ಮ ಅಜ್ಜಿಯರ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸುತ್ತಿದ್ದರಲ್ಲ, ಅದೇ ಉಪಾಯ. ಆ ಕಾಲದ ಕಾರಿನ ಟ್ಯಾಂಕುಗಳನ್ನು ಸಾಮಾನ್ಯವಾಗಿ ಸೀಸ ಮತ್ತು ತವರದ ತೆಳು ಲೇಪ ಕೊಟ್ಟ ಉಕ್ಕಿನ ತಗಡಿನಿಂದ ಮಾಡುತ್ತಿದ್ದರು. ನೀರು ಆ ಲೇಪವನ್ನು ಸುಲಭಕ್ಕೆ ತಿನ್ನಲಾರದು. ಆದರೆ ಬೆಸುಗೆಯ ಅಂಚು, ಮಡಿಕೆಯ ಮೂಲೆ, ಗೀರು ಬಿದ್ದ ಜಾಗ ಸಿಕ್ಕರೆ ಅಲ್ಲಿಂದ ಲೇಪದಡಿ ತೂರಿ ಹರಡುತ್ತದೆ.

ಎರಡನೇ ದಾರಿ ಪೆಟ್ರೋಲಿನೊಳಗೇ ಇದೆ. 1978ರಲ್ಲಿ ಅಮೆರಿಕದ ಒಂದು ಕಾಯಿದೆ ಎಥನಾಲ್ ಬೆರೆಸಿದ ಪೆಟ್ರೋಲಿಗೆ ತೆರಿಗೆ ವಿನಾಯಿತಿ ಕೊಟ್ಟಿತು. ಜಿಎಂಸಿ ಮೋಟರ್‌ಹೋಮಿನ ಕೊನೆಯ ವರ್ಷವೂ ಅದೇ. ಇವತ್ತು ಅಲ್ಲಿನ ಬಂಕುಗಳಲ್ಲಿ ಸಿಗುವ ಬಹುತೇಕ ಪೆಟ್ರೋಲಿನಲ್ಲಿ ಶೇ 10ರವರೆಗೆ ಎಥನಾಲ್ ಇದೆ. ಎಥನಾಲ್‌ಗೆ ನೀರೆಂದರೆ ಪ್ರಾಣ. ಬರಿಯ ಪೆಟ್ರೋಲಿನಲ್ಲಿ ನೀರು ಕರಗುವುದು ಲೆಕ್ಕಕ್ಕೆ ಸಿಗದಷ್ಟು. ಶೇ 10 ಎಥನಾಲ್ ಇದ್ದರೆ 15 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು ಶೇ 0.5ರಷ್ಟು ನೀರನ್ನು ತನ್ನಲ್ಲೇ ಅಡಗಿಸಿಕೊಳ್ಳುತ್ತದೆ. 190 ಲೀಟರಿಗೆ ಇದು ಹತ್ತಿರ ಹತ್ತಿರ ಒಂದು ಲೀಟರ್ ನೀರು.

ಗಾಡಿ ದಿನವೂ ಓಡುತ್ತಿದ್ದರೆ ಇದು ಉಪಕಾರವೇ: ನೀರು ಪೆಟ್ರೋಲಿನ ಜತೆ ಎಂಜಿನ್ನಿಗೆ ಹೋಗಿ ಹಬೆಯಾಗಿ ಹೊರಬೀಳುತ್ತದೆ. ನಿಂತ ಗಾಡಿಯಲ್ಲಿ ಇದು ಸಾಲದಂತೆ ಬೆಳೆಯುತ್ತದೆ. ಮಿತಿ ಮುಟ್ಟಿದ ಮೇಲೆ, ಇಲ್ಲವೇ ಒಂದು ರಾತ್ರಿ ಚಳಿ ಹೆಚ್ಚಿ ಮಿತಿಯೇ ಕುಗ್ಗಿದಾಗ, ಎಥನಾಲ್ ತನ್ನ ಪಾಲಿನ ನೀರನ್ನೂ ಕಟ್ಟಿಕೊಂಡು ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕಿಳಿಯುತ್ತದೆ. ಒಡೆದ ಹಾಲಿನಂತೆ ಎರಡು ಪಾಲು. ಮೇಲೆ ಆಕ್ಟೇನ್ ಕಳೆದುಕೊಂಡ ಪೆಟ್ರೋಲ್, ಕೆಳಗೆ ಉಕ್ಕನ್ನು ಕೊರೆಯುವ ನೀರುಮಿಶ್ರಿತ ಎಥನಾಲ್. ಹೀರುನಳಿಕೆಯ ಬಾಯಿ ಇರುವುದೂ ಆ ತಳದಲ್ಲೇ.

ಮೂರನೆಯ ದಾರಿ ಬಾಗಿಲಿನದು. ಟ್ಯಾಂಕಿನ ಮುಚ್ಚಳ, ಅಲ್ಲಿಂದ ಟ್ಯಾಂಕಿಗೆ ಇಳಿಯುವ ದಪ್ಪ ರಬ್ಬರ್ ಪೈಪು, ಆವಿ ಹೋಗುವ ಸಣ್ಣ ಪೈಪು. ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಈಗ ಟ್ಯಾಂಕು ಇಳಿಸುವ ಕೆಲಸ. ಇಲ್ಲಿ ತುಕ್ಕಿಗಿಂತ ಮೊದಲು ಪ್ರಾಣದ ಮಾತಾಡಬೇಕು. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕು ಅಪಾಯ. ಗಾಳಿಯಲ್ಲಿ ಪೆಟ್ರೋಲಿನ ಆವಿ ಸುಮಾರು ಶೇ 1.4ರಿಂದ ಶೇ 7.6ರವರೆಗೆ ಇದ್ದಾಗ ಕಿಡಿ ತಾಕಿದರೆ ಸಿಡಿಯುತ್ತದೆ. ತುಂಬಿದ ಟ್ಯಾಂಕಿನಲ್ಲಿ ಆವಿ ಅದಕ್ಕಿಂತ ದಟ್ಟ. ಖಾಲಿ ಮಾಡಿ ಬಾಯಿ ತೆರೆದಿಟ್ಟಾಗ ಸರಿಯಾಗಿ ಆ ಅಳತೆಗೆ ಇಳಿಯುತ್ತದೆ. ಈ ಆವಿ ಗಾಳಿಗಿಂತ ಭಾರ. ನೆಲಕ್ಕೆ ಅಂಟಿಕೊಂಡು ಹರಿದು ದೂರದ ಬೆಂಕಿಯನ್ನು ಹುಡುಕಿಕೊಂಡು ಹೋಗುತ್ತದೆ. ಮೋಟರ್‌ಹೋಮಿನಲ್ಲಿ ಆ ಬೆಂಕಿ ದೂರವೂ ಇರುವುದಿಲ್ಲ. ಇಂಥ ಗಾಡಿಗಳ ಫ್ರಿಜ್ಜು, ನೀರು ಕಾಯಿಸುವ ಹಂಡೆ ಗ್ಯಾಸಿನಲ್ಲಿ ನಡೆಯುತ್ತವೆ. ಒಳಗೆ ಸಣ್ಣ ಜ್ವಾಲೆ ಸದಾ ಉರಿಯುತ್ತಿರುತ್ತದೆ. ಮೊದಲು ಗ್ಯಾಸ್ ಸಿಲಿಂಡರಿನ ವಾಲ್ವು ಮುಚ್ಚಬೇಕು, ಬ್ಯಾಟರಿಯ ತಂತಿ ಕಳಚಬೇಕು, ಆಮೇಲೆ ಬಯಲಿನಲ್ಲಿ ಕೆಲಸ ಹಿಡಿಯಬೇಕು.

ಜಿಎಂಸಿಯಲ್ಲಿ ಇನ್ನೊಂದು ಬಲೆ ಇದೆ. ಹಿಂಭಾಗ ನಿಂತಿರುವುದು ಗಾಳಿಚೀಲದ ಮೇಲೆ. ಹಳೆಯ ಚೀಲ ಯಾವಾಗ ಉಸಿರು ಬಿಡುತ್ತದೆಂದು ಹೇಳಿ ಕಳಿಸುವುದಿಲ್ಲ. ನೆಲಕ್ಕೂ ಗಾಡಿಗೂ ಅಂತರ ಕಡಿಮೆ. ಚೀಲ ಇಳಿದರೆ ಅಡಿಯಲ್ಲಿದ್ದವನಿಗೆ ಹೊರಬರಲು ಜಾಗವಿಲ್ಲ. ಚಾಸಿಗೆ ಗಟ್ಟಿ ಸ್ಟ್ಯಾಂಡು ಕೊಡದೆ ಯಾರೂ ಕೆಳಗೆ ತೂರಬಾರದು.

190 ಲೀಟರ್ ಪೆಟ್ರೋಲ್ ಸುಮಾರು 140 ಕೆ.ಜಿ. ತೂಗುತ್ತದೆ, ಆದ್ದರಿಂದ ಮೊದಲು ಪೆಟ್ರೋಲನ್ನು ಕೈಪಂಪಿನಿಂದ ಲೋಹದ ಡಬ್ಬಿಗಳಿಗೆ ತೆಗೆಯುತ್ತಾರೆ. ಹರಿಯುವ ಪೆಟ್ರೋಲ್ ಸ್ಥಿರ ವಿದ್ಯುತ್ತು ಹುಟ್ಟಿಸುವುದರಿಂದ ಡಬ್ಬಿಗೂ ಟ್ಯಾಂಕಿಗೂ ನಡುವೆ ಒಂದು ತಂತಿ ಕಟ್ಟುವುದು ರೂಢಿ. ಹಳಸಿದ ಪೆಟ್ರೋಲಿಗೆ ವಾರ್ನಿಷಿನ ವಾಸನೆ ಬರುತ್ತದೆ. ಅದನ್ನು ಚರಂಡಿಗೆ ಚೆಲ್ಲುವಂತಿಲ್ಲ, ಅಪಾಯಕಾರಿ ಕಸ ತೆಗೆದುಕೊಳ್ಳುವ ಸ್ಥಳೀಯ ಕೇಂದ್ರಕ್ಕೇ ಕೊಡಬೇಕು. ಆಮೇಲೆ ಟ್ಯಾಂಕಿನಡಿ ಜಾಕಿ ಕೊಟ್ಟು, ಬಿಗಿದ ಉಕ್ಕಿನ ಪಟ್ಟಿಗಳನ್ನು ಸಡಿಲಿಸಿ, ಒಂದೊಂದು ಅಂಗುಲ ಇಳಿಸುತ್ತ, ಮೇಲ್ಭಾಗದ ಪೈಪುಗಳಿಗೆ ಚೀಟಿ ಅಂಟಿಸಿ ಬಿಡಿಸಬೇಕು. ಪಟ್ಟಿ ಮತ್ತು ಟ್ಯಾಂಕಿನ ನಡುವೆ ಕಿರುಗುಟ್ಟದಿರಲೆಂದು ಇಟ್ಟ ಮೆತ್ತೆಯನ್ನು ತೆಗೆದು ನೋಡಿ. ಐವತ್ತು ಮಳೆಗಾಲದ ನೀರನ್ನು ಅದು ಹೀರಿ ಹಿಡಿದು, ಟ್ಯಾಂಕನ್ನು ಹೊರಗಿನಿಂದಲೂ ತಿಂದಿರುತ್ತದೆ. ನೀರಿಗೆ ಇದೂ ಒಂದು ದಾರಿ.

ಇಳಿಸಿದ ಟ್ಯಾಂಕಿನೊಳಗೆ ಸಣ್ಣ ಕ್ಯಾಮೆರಾ ಇಳಿಬಿಟ್ಟು ನೋಡಿದರೆ ತೀರ್ಪು ಸಿಗುತ್ತದೆ. ಮೇಲ್ಮೈಯ ಕೆಂಪು ಪುಡಿ ಮಾತ್ರ ಇದ್ದರೆ ತೊಳೆದರೆ ಸಾಕು. ಗುಳಿ ಬಿದ್ದಿದ್ದರೆ ದುರಸ್ತಿ. ತಗಡನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿದಾಗ ಟಣ್ ಎನ್ನದೆ ಮಂಕಾಗಿ ಸದ್ದು ಬಂದರೆ, ಅಥವಾ ಬಿಸಿಲಿಗೆ ಹಿಡಿದಾಗ ಒಳಗೆ ನಕ್ಷತ್ರ ಕಂಡರೆ, ಆ ಟ್ಯಾಂಕಿನ ಆಯಸ್ಸು ಮುಗಿದಿದೆ.

ತೊಳೆಯುವುದರಲ್ಲಿ ಒಂದು ಕ್ರಮವಿದೆ. ಹಳಸಿದ ಪೆಟ್ರೋಲ್ ಗೋಡೆಯ ಮೇಲೆ ಅಂಟಂಟಾದ ಪದರ ಕಟ್ಟಿರುತ್ತದೆ. ಹುಳಿ ಎಷ್ಟೇ ತೀಕ್ಷ್ಣವಾಗಿದ್ದರೂ ಜಿಡ್ಡಿನ ಪಾತ್ರೆಗೆ ಹತ್ತುವುದಿಲ್ಲ ಎಂದು ಪಾತ್ರೆ ತಿಕ್ಕಿದ ಯಾರಿಗೂ ಗೊತ್ತು. ಮೊದಲು ಬಿಸಿನೀರು, ಜಿಡ್ಡು ಬಿಡಿಸುವ ಸಾಬೂನು; ನೀರು ಹನಿಗಟ್ಟದೆ ತಗಡಿನ ತುಂಬ ಹರಡುವವರೆಗೆ. ಆಮೇಲೆ ತುಕ್ಕಿನ ಸರದಿ. ಒಳಗೆ ಸಣ್ಣ ಸರಪಳಿಯನ್ನೋ ಹಿಡಿ ನಟ್ಟುಗಳನ್ನೋ ಹಾಕಿ ಕುಲುಕಿದರೆ ಸಡಿಲ ಹಕ್ಕಳೆ ಉದುರುತ್ತದೆ. ಆದರೆ ಮೋಟರ್‌ಹೋಮಿನ ಟ್ಯಾಂಕು ಬೈಕಿನದ್ದಲ್ಲ: ಅಗಲ, ಚಪ್ಪಟೆ, ತಿರುವಿನಲ್ಲಿ ಪೆಟ್ರೋಲ್ ತುಳುಕದಿರಲೆಂದು ಒಳಗೆ ಅಡ್ಡಗೋಡೆಗಳು. ಸರಪಳಿ ಒಂದು ಕೋಣೆಯಲ್ಲೇ ಸಿಕ್ಕಿಕೊಂಡರೆ ಉಳಿದ ಕೋಣೆಗಳಿಗೆ ಸುದ್ದಿಯೇ ಇಲ್ಲ.

ವಿದ್ಯುತ್ತಿನಿಂದ ತುಕ್ಕು ಬಿಡಿಸುವುದು ಇನ್ನೊಂದು ವಿಧಾನ. ವಾಷಿಂಗ್ ಸೋಡ ಕರಗಿಸಿದ ನೀರು ತುಂಬಿ, ಟ್ಯಾಂಕನ್ನು ಬ್ಯಾಟರಿ ಚಾರ್ಜರಿನ ಋಣ ತಂತಿಗೆ, ಒಳಗೆ ತಗಡಿಗೆ ತಾಕದಂತೆ ತೂಗುಬಿಟ್ಟ ಕಬ್ಬಿಣದ ಸರಳನ್ನು ಧನ ತಂತಿಗೆ ಜೋಡಿಸುತ್ತಾರೆ. ಕೆಂಪು ತುಕ್ಕು ಕಪ್ಪಾಗಿ ಸಡಿಲಗೊಳ್ಳುತ್ತದೆ. ತಂತಿ ತಿರುವುಮುರುವಾದರೆ ಸರಳಿನ ಬದಲು ಟ್ಯಾಂಕೇ ಸವೆಯುತ್ತದೆ. ಸ್ಟೇನ್‌ಲೆಸ್ ಸರಳು ಬಳಸಿದರೆ ಕ್ರೋಮಿಯಂನ ವಿಷಕಾರಿ ಸಂಯುಕ್ತ ನೀರಿಗಿಳಿಯುತ್ತದೆ. ಹೊರಬರುವ ಜಲಜನಕ ಸಿಡಿಯುವ ಅನಿಲ, ಆದ್ದರಿಂದ ಇದೂ ಬಯಲಿನ ಕೆಲಸ. ಇಲ್ಲೂ ಅಡ್ಡಗೋಡೆಗಳದ್ದೇ ತಕರಾರು: ಸರಳಿಗೆ ನೇರವಾಗಿ ಎದುರಾದ ಭಾಗ ಚೆನ್ನಾಗಿ ಬಿಡುತ್ತದೆ, ಮರೆಯಲ್ಲಿರುವುದು ಹಾಗೇ ಉಳಿಯುತ್ತದೆ.

ಆದ್ದರಿಂದ ಇಂಥ ಟ್ಯಾಂಕಿಗೆ ದ್ರವವೇ ವಾಸಿ. ಹರಿದು ಹೋದಲ್ಲೆಲ್ಲ ಕೆಲಸ ಮಾಡುತ್ತದೆ. ನಮ್ಮ ಅಂಗಡಿಗಳಲ್ಲಿ ನಿಂಬೆ ಉಪ್ಪು ಎಂದು ಕೇಳಿದರೆ ಕೊಡುವ ಸಿಟ್ರಿಕ್ ಆಮ್ಲ, ಅಡುಗೆಗೆ ಬಳಸುವ ವಿನೆಗರ್, ಫಾಸ್ಫಾರಿಕ್ ಆಮ್ಲ ಎಲ್ಲವೂ ನಡೆಯುತ್ತವೆ. ಹುಣಸೆಹಣ್ಣಿನಿಂದ ತಂಬಿಗೆ ಬೆಳಗುವಲ್ಲಿಯೂ ಹುಳಿಯದ್ದೇ ಕೆಲಸ. ಹೈಡ್ರೊಕ್ಲೋರಿಕ್ ಆಮ್ಲ ಬಲು ಬೇಗ ತುಕ್ಕು ತಿನ್ನುತ್ತದೆ, ಆದರೆ ತುಕ್ಕಿಲ್ಲದ ಉಕ್ಕನ್ನೂ ಬಿಡುವುದಿಲ್ಲ. ಆತುರಗಾರರ ಟ್ಯಾಂಕಿಗೆ ತೂತು ಬೀಳುವುದು ಇದರಿಂದಲೇ. 95 ಲೀಟರಿನ ಟ್ಯಾಂಕು ತುಂಬುವಷ್ಟು ದ್ರವ ದುಬಾರಿಯಾದರೆ ಕಾಲು ಭಾಗ ಹಾಕಿ, ಇವತ್ತು ಒಂದು ಮಗ್ಗುಲು, ನಾಳೆ ಇನ್ನೊಂದು ಮಗ್ಗುಲು ಎಂದು ಕೂಸಿನಂತೆ ಹೊರಳಿಸಿ ಮಲಗಿಸುತ್ತಾರೆ. ಹಳೆಯ ಲೇಪದ ಸೀಸವೂ ಈ ನೀರಿಗಿಳಿಯುತ್ತದೆ. ಕೈಗವಸು ಬೇಕು, ತೊಳೆದ ನೀರು ತೋಟದ ಗಿಡಕ್ಕೆ ಅಲ್ಲ.

ಹುಳಿ ಚೆಲ್ಲಿ, ಅಡುಗೆ ಸೋಡದ ನೀರಿನಿಂದ ತೊಳೆದು, ಹೊಳೆಯುವ ಉಕ್ಕನ್ನು ಕಂಡು ಖುಷಿಪಟ್ಟು ಚಹಾ ಕುಡಿದು ಬರುವಷ್ಟರಲ್ಲಿ ಅದು ಮತ್ತೆ ಅರಿಸಿನ ಬಳಿದಂತಾಗಿರುತ್ತದೆ. ಬೆತ್ತಲೆ ಉಕ್ಕಿನ ಮೇಲೆ ಒದ್ದೆ ಉಳಿದರೆ ನಿಮಿಷಗಳೇ ಸಾಕು. ಕೊನೆಯ ತೊಳೆತಕ್ಕೆ ತೆಳು ಫಾಸ್ಫಾರಿಕ್ ಆಮ್ಲ ಬಳಸಿದರೆ ಉಕ್ಕಿನ ಮೇಲೆ ಫಾಸ್ಫೇಟಿನ ಒಂದು ತೆಳು ಪೊರೆ ನಿಲ್ಲುತ್ತದೆ. ಆಮೇಲೆ ಸ್ಪಿರಿಟ್, ಅಂದರೆ ಅದೇ ಎಥನಾಲ್, ಹಾಕಿ ಅಲ್ಲಾಡಿಸಿದರೆ ಉಳಿದ ನೀರನ್ನು ಅದು ಹೊತ್ತೊಯ್ಯುತ್ತದೆ. ಎಥನಾಲ್‌ಗೆ ನೀರಿನ ಮೇಲಿರುವ ವ್ಯಾಮೋಹವೇ ಟ್ಯಾಂಕು ಕೆಡಿಸಿದ್ದು. ಅದೇ ವ್ಯಾಮೋಹ ಇಲ್ಲಿ ನಮ್ಮ ಕೆಲಸಕ್ಕೆ ಬರುತ್ತದೆ. ಸ್ಪಿರಿಟ್ಟಿನ ಆವಿಗೂ ಬೆಂಕಿಗೂ ಆಗದು. ಬಿಸಿಗಾಳಿಯ ಯಂತ್ರ ಹಿಡಿಯದೆ ಬಯಲಿನ ಗಾಳಿಗೇ ಒಣಗಿಸಬೇಕು.

ಸೂಜಿ ತೂತಿದ್ದರೆ ಬೆಸುಗೆ ಹಾಕಬೇಕು. ಇದನ್ನು ಮನೆಯಲ್ಲಿ ಮಾಡಬಾರದು ಎಂದು ಬರೆದು ಸುಮ್ಮನಾಗಬಹುದಿತ್ತು. ಕಾರಣ ಗೊತ್ತಿದ್ದರೆ ಮಾತು ಹೆಚ್ಚು ನಾಟುತ್ತದೆ. ಎಷ್ಟು ತೊಳೆದರೂ ಮಡಿಕೆಯ ಸಂದಿಯಲ್ಲಿ, ಹಕ್ಕಳೆಯ ಅಡಿಯಲ್ಲಿ ಪೆಟ್ರೋಲ್ ಉಳಿದಿರುತ್ತದೆ. ಕಾವು ತಾಗಿದೊಡನೆ ಆವಿಯಾಗಿ ಹೊರಬರುತ್ತದೆ. ಮೂಗಿಗೆ ವಾಸನೆ ಇಲ್ಲವೆಂದ ಮಾತ್ರಕ್ಕೆ ಒಳಗೆ ಆವಿ ಇಲ್ಲವೆಂದಲ್ಲ. ಕೆಲಸ ಬಲ್ಲವರು ಟ್ಯಾಂಕನ್ನು ಕ್ಷಾರದಲ್ಲಿ ಕುದಿಸಿ, ಆರ್ಗಾನ್‌ನಂಥ ಉರಿಯದ ಅನಿಲ ತುಂಬಿದ ಮೇಲಷ್ಟೇ ಬೆಂಕಿ ಹಿಡಿಯುತ್ತಾರೆ.

ಇನ್ನು ದೊಡ್ಡ ಜಗಳದ ವಿಷಯ: ಒಳಗೆ ಲೇಪ ಹಾಕಬೇಕೋ ಬೇಡವೋ. ಎಪಾಕ್ಸಿ ಅಥವಾ ಯುರಿಥೇನ್ ಲೇಪವನ್ನು ಡಬ್ಬಿಯಿಂದ ಸುರಿದು, ಟ್ಯಾಂಕನ್ನು ಎಲ್ಲ ದಿಕ್ಕಿಗೂ ತಿರುಗಿಸಿ, ಮಿಕ್ಕಿದ್ದನ್ನು ಬಸಿದು ಒಣಗಲು ಬಿಡುತ್ತಾರೆ. ಇದನ್ನು ಯೋಚಿಸುವಾಗಲೆಲ್ಲ ನನಗೆ ಕಲಾಯಿಯವನ ನೆನಪು. ಬೀದಿಯಲ್ಲಿ ತಿದಿ ಹೂಡಿ ಕೂತವನು ಹೆಚ್ಚು ಹೊತ್ತು ಕಳೆಯುತ್ತಿದ್ದುದು ಪಾತ್ರೆ ತಿಕ್ಕುವುದರಲ್ಲಿ, ಕಾಯಿಸುವುದರಲ್ಲಿ. ನವಸಾಗರ ಎರಚಿ ತವರವನ್ನು ಹತ್ತಿಯಿಂದ ಸವರುವುದು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತಿತ್ತು. ಪಾತ್ರೆ ಶುದ್ಧವಾಗದೆ ಹಾಕಿದ ಕಲಾಯಿ ನಾಲ್ಕು ದಿನಕ್ಕೆ ಸಾರಿನ ಜತೆ ಹೊಟ್ಟೆಗೆ ಹೋಗುತ್ತದೆ.

ಟ್ಯಾಂಕಿನಲ್ಲಿಯೂ ಹಾಗೇ. ಅಡ್ಡಗೋಡೆಯ ಮರೆಯಲ್ಲಿ ಉಳಿದ ತುಕ್ಕಿನ ಮೇಲೆ ಕೂತ ಲೇಪ ಒಂದು ದಿನ ಹಪ್ಪಳದಂತೆ ಎದ್ದು, ಚೂರಾಗಿ, ಜಾಳಿಗೆಗೆ ಬಂದು ಕಟ್ಟುತ್ತದೆ. ತುಕ್ಕಿನ ಪುಡಿಯನ್ನಾದರೂ ಫಿಲ್ಟರು ಹಿಡಿದೀತು. ಲೇಪದ ಹಾಳೆ ದಾರಿಯನ್ನೇ ಮುಚ್ಚುತ್ತದೆ. ಎಥನಾಲನ್ನು ಲೆಕ್ಕಕ್ಕೆ ಹಿಡಿಯದ ಹಳೆಯ ಕಾಲದ ಲೇಪಗಳು ಹೀಗೆ ಕಿತ್ತುಬಂದ ಉದಾಹರಣೆಗಳು ಬೇಕಾದಷ್ಟು. ಬಸಿಯದೆ ಮೂಲೆಯಲ್ಲಿ ನಿಂತ ಲೇಪ ಸರಿಯಾಗಿ ಗಟ್ಟಿಯಾಗುವುದೂ ಇಲ್ಲ, ಮರೆತರೆ ಆವಿಯ ಸಣ್ಣ ನಳಿಕೆಯೂ ಅದರಲ್ಲೇ ಮುಚ್ಚಿಹೋಗುತ್ತದೆ. ನನ್ನ ಅಭಿಪ್ರಾಯ ಇಷ್ಟು: ಚೆನ್ನಾಗಿ ತೊಳೆದ, ತೂತಿಲ್ಲದ ಟ್ಯಾಂಕಿಗೆ ಲೇಪ ಬೇಡ, ನೀರಿನ ದಾರಿ ಮುಚ್ಚಿದರೆ ಸಾಕು. ತೂತೇ ತೂತಾದ ಟ್ಯಾಂಕಿಗೆ ಲೇಪದಿಂದ ಉಪಯೋಗವಿಲ್ಲ. ಅದರ ಅಳತೆಗೆ ಅಲ್ಯೂಮಿನಿಯಂ ಅಥವಾ ಸ್ಟೇನ್‌ಲೆಸ್ ಟ್ಯಾಂಕು ಮಾಡಿಸುವುದೇ ಕಡಿಮೆ ಖರ್ಚು. ನಡುವಿನ ಕೆಲವೇ ಟ್ಯಾಂಕುಗಳಿಗೆ ಲೇಪ ಸರಿ, ತಿಕ್ಕುವ ತಾಳ್ಮೆ ಇದ್ದರೆ.

ಟ್ಯಾಂಕು ಕೆಳಗಿರುವಾಗಲೇ ರಬ್ಬರ್ ಪೈಪುಗಳನ್ನೆಲ್ಲ ಬದಲಿಸುವುದು ಜಾಣತನ. ಮೇಲ್ಭಾಗದ ಪೈಪುಗಳಿಗೆ ಕೈ ಹೋಗುವುದು ಆಗ ಮಾತ್ರ. 1970ರ ದಶಕದ ರಬ್ಬರನ್ನು ಎಥನಾಲ್ ಮೆತ್ತಗೆ ಮಾಡಿ ಬಿರುಕು ಬಿಡಿಸುತ್ತದೆ. ಹೊಸ ಪೈಪಿನ ಮೈಮೇಲೆ ಎಸ್‌ಎಇ 30ಆರ್9 ಅಥವಾ 30ಆರ್14 ಎಂಬ ಗುರುತು ನೋಡಿ ಕೊಳ್ಳಬೇಕು. ಇಲ್ಲಿ ಒಂದು ವಿಚಿತ್ರವಿದೆ. ಮೂಲ ಗಾಡಿಯಲ್ಲಿ ಪಂಪು ಎಂಜಿನ್ನಿನ ಪಕ್ಕ ಇದೆ, ಅದು ದೂರದ ಟ್ಯಾಂಕಿನಿಂದ ಹೀರುತ್ತದೆ. ಹೀರುವ ಪೈಪಿನಲ್ಲಿ ಬಿರುಕಿದ್ದರೆ ಗಾಡಿ ಓಡುವಾಗ ಪೆಟ್ರೋಲ್ ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಒಡೆದ ಸ್ಟ್ರಾದಲ್ಲಿ ಎಳನೀರು ಕುಡಿದವರಿಗೆ ಇದು ಗೊತ್ತು. ನೆಲದ ಮೇಲೆ ಒಂದು ಹನಿಯೂ ಇಲ್ಲ, ಎಂಜಿನ್ ಮಾತ್ರ ಮುಗ್ಗರಿಸುತ್ತದೆ. ತುಕ್ಕಿನ ಟ್ಯಾಂಕು ಹೊಸದಾದ ಮೇಲೂ ಕಾಯಿಲೆ ಬಿಡದಿದ್ದರೆ ಬಹುಪಾಲು ಕಾರಣ ಇದು.

ಪೆಟ್ರೋಲ್ ಮಟ್ಟ ತಿಳಿಸುವ ತೇಲುಗುಂಡಿನ ಸಾಧನವನ್ನೂ ಆಗಲೇ ಪರೀಕ್ಷಿಸಬಹುದು. ಜನರಲ್ ಮೋಟರ್ಸ್‌ನ ಆ ಕಾಲದ ಲೆಕ್ಕದಲ್ಲಿ ಖಾಲಿಗೆ ಸೊನ್ನೆ ಓಮ್, ತುಂಬಿದ್ದಕ್ಕೆ 90 ಓಮ್. ಅರ್ಥಿಂಗ್ ತಂತಿ ತುಕ್ಕು ಹಿಡಿದು ಬಿಟ್ಟುಹೋದರೆ ಮುಳ್ಳು ತುಂಬಿದ ಗುರುತನ್ನೂ ದಾಟಿ ನಿಲ್ಲುತ್ತದೆ. ಖಾಲಿ ಹೊಟ್ಟೆಯಲ್ಲಿ ತೇಗುವ ಈ ಮುಳ್ಳನ್ನು ನಂಬಿ ಹೆದ್ದಾರಿಯಲ್ಲಿ ನಿಂತವರಿದ್ದಾರೆ. ಎಲ್ಲ ಜೋಡಿಸಿದ ಮೇಲೆ ಒಳಗಿದ್ದು ಕಾಣುವಂಥ ಫಿಲ್ಟರ್ ಹಾಕಿ, ಮೊದಲ ನೂರು ಮೈಲಿಗೊಮ್ಮೆ, ಐನೂರಕ್ಕೊಮ್ಮೆ ಬದಲಿಸಬೇಕು. ಎಷ್ಟು ತೊಳೆದರೂ ಉಳಿದ ಪುಡಿ ಆಗಲೇ ಹೊರಬರುವುದು.

ಇಷ್ಟೆಲ್ಲ ಮಿಷಿಗನ್ನಿನ ಮಾತಾಯಿತು. ಪಾಂಟಿಯಾಕ್‌ನಲ್ಲಿ ಆ ಗಾಡಿಗಳು ತಯಾರಾಗುತ್ತಿದ್ದ ಹೊತ್ತಿಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಯೆಜ್ಡಿಗಳು ತಯಾರಾಗುತ್ತಿದ್ದವು. 1996ರಲ್ಲಿ ಕಾರ್ಖಾನೆ ಮುಚ್ಚಿದರೂ ಆ ಬೈಕುಗಳನ್ನು ಸಾಕಿಕೊಂಡವರು ನಮ್ಮಲ್ಲಿ ಕಡಿಮೆಯೇನಿಲ್ಲ. ಅವುಗಳ ಟ್ಯಾಂಕೂ ಉಕ್ಕು, ಅವೂ ವರ್ಷದ ಬಹುಪಾಲು ಮುಸುಕು ಹೊದ್ದು ನಿಂತಿರುತ್ತವೆ. ಮಲೆನಾಡಿನ ಮಳೆಗಾಲದ ಗಾಳಿಯ ತೇವಕ್ಕೆ ಮಿಷಿಗನ್ನಿನ ಚಳಿಗಾಲ ಸಮವಲ್ಲ. ಟ್ಯಾಂಕಿಗೆ ನಟ್ಟು, ಜಲ್ಲಿ ಹಾಕಿ ಸೀಮೆಎಣ್ಣೆ ಸುರಿದು ಕುಲುಕುವ ವಿದ್ಯೆ ನಮ್ಮ ಗ್ಯಾರೇಜುಗಳಿಗೆ ಹಳೆಯದು.

ಹೊಸದಾಗಿ ಬಂದಿರುವುದು ಎಥನಾಲ್. ಶೇ 20 ಎಥನಾಲ್ ಇರುವ ಪೆಟ್ರೋಲಿಗೆ 2023ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲೇ ಚಾಲನೆ ಸಿಕ್ಕಿತು. ಈಗ ನಮ್ಮ ಬಂಕುಗಳಲ್ಲಿ ಅದೇ ಸಾಮಾನ್ಯ. ಎಥನಾಲ್ ಹೆಚ್ಚಿದಷ್ಟೂ ನೀರನ್ನು ಅಡಗಿಸಿಕೊಳ್ಳುವ ಶಕ್ತಿ ಹೆಚ್ಚು, ಆದ್ದರಿಂದ ಬೇಗ ಒಡೆಯುವುದಿಲ್ಲ, ನಿಜ. ಆದರೆ ಅಡಗಿದ ನೀರೂ ನೀರೇ. ಒಡೆದ ದಿನ ತಳಕ್ಕಿಳಿಯುವ ಪಾಲೂ ಅಷ್ಟೇ ದೊಡ್ಡದು. ದಿನವೂ ಓಡುವ ಬೈಕಿಗೆ ಈ ಚಿಂತೆ ಬೇಡ. ನಿಲ್ಲಿಸಿಟ್ಟ ಬೈಕಿಗೆ ಎರಡೇ ನಿಯಮ: ಕುತ್ತಿಗೆವರೆಗೆ ತುಂಬಿಸಿ ನಿಲ್ಲಿಸಿ, ಗಾಳಿಗೆ ಜಾಗವಿರದಂತೆ, ಇಲ್ಲವೇ ಪೂರ್ತಿ ಬಸಿದು, ಒಣಗಿಸಿ, ಒಳಗೆ ತೆಳುವಾಗಿ ಎಣ್ಣೆ ಸವರಿಡಿ. ಅರ್ಧ ಟ್ಯಾಂಕು ಎಂಬ ಮಧ್ಯಮ ಮಾರ್ಗ ಇಲ್ಲಿ ಸಲ್ಲದು.

ಮೂರನೆಯ ದಾರಿಯ ಮಾತು ಬಾಕಿ ಇತ್ತು. ಮೋಟರ್‌ಹೋಮ್ ಮಳೆಯಲ್ಲಿ, ಹಿಮದಲ್ಲಿ ಹೊರಗೆ ನಿಂತಿರುತ್ತದೆ. ಪೆಟ್ರೋಲ್ ಮುಚ್ಚಳದ ಒಳಗಿನ ರಬ್ಬರ್ ವಾಷರ್ ಒಣಗಿ ಸೀಳಿದ್ದರೆ, ಮುಚ್ಚಳದ ಸುತ್ತ ನಿಂತ ನೀರು ಪ್ರತಿ ರಾತ್ರಿಯ ಉಸಿರಿನ ಜತೆ ಒಳಗೆ ಇಳಿಯುತ್ತದೆ. ಟ್ಯಾಂಕು ಇಳಿಸಿ, ಹುಳಿಯಲ್ಲಿ ನೆನೆಸಿ, ವಾರಗಟ್ಟಲೆ ಮೈ ಮುರಿದು ಮೇಲಕ್ಕೇರಿಸಿದವರು ಕೊನೆಗೆ ಅದೇ ಹಳೆಯ ಮುಚ್ಚಳವನ್ನು ತಿರುಗಿಸಿ ಮುಚ್ಚುವುದುಂಟು. ನಿಮ್ಮದು ಮೋಟರ್‌ಹೋಮ್ ಇರಲಿ, ಯೆಜ್ಡಿ ಇರಲಿ, ನಾಳೆ ಬೆಳಿಗ್ಗೆ ಮುಚ್ಚಳ ತೆಗೆದು ಆ ವಾಷರನ್ನು ಹೆಬ್ಬೆರಳಿನಿಂದ ಒಮ್ಮೆ ಒತ್ತಿ ನೋಡಿ. ಉಗುರಿನಂತೆ ಗಟ್ಟಿಯಾಗಿದ್ದರೆ ಬದಲಿಸಿ. ಈ ಇಡೀ ಕೆಲಸದಲ್ಲಿ ಅದಕ್ಕಿಂತ ಅಗ್ಗದ ಸಾಮಾನು ಇನ್ನೊಂದಿಲ್ಲ.